ಉದಾಹರಣೆಗೆ ಒಂದು ಹೋಟೆಲು

ಕಳೆದ ಚಳಿಗಾಲದಲ್ಲಿ ಅವರು ತೀರಿಕೊಂಡರು. ಸುದ್ದಿ ತಿಳಿಸಲು ಅವರ ಹೆಂಡತಿ ವಡೋದರಾದಿಂದ ಫೋನ್ ಮಾಡಿದಾಗ, ಈಗ ಅಳುತ್ತಾರೆ, ಏನು ಹೇಳಲಿ ಎಂದು ನಾನು ಮಾತು ಹುಡುಕುತ್ತಿದ್ದೆ. ಆಕೆ ಅಳಲಿಲ್ಲ.

“ಆಸ್ಪತ್ರೆಗೆ ಹೋಗುವ ಮೊದಲು ಒಂದು ಕಾಗದ ಬರೆದು ಅಡುಗೆಮನೆಯಲ್ಲಿ ಅಂಟಿಸಿ ಹೋಗಿದ್ದಾರೆ ಮಾರಾಯ. ಗ್ಯಾಸ್ ಸಿಲಿಂಡರ್ ಬದಲಾಯಿಸುದು ಹೇಗೆ ಅಂತ. ಒಂಬತ್ತು ಹಂತ! ಈ ಮನೆಯಲ್ಲಿ ಮೂವತ್ತು ವರ್ಷದಿಂದ ಸಿಲಿಂಡರ್ ಬದಲಾಯಿಸಿದ್ದು ಯಾರು? ನಾನು. ಅವರು ಒಂದು ದಿನ ಮುಟ್ಟಿದವರಲ್ಲ.”

ಹೇಳುತ್ತ ಹೇಳುತ್ತ ನಕ್ಕುಬಿಟ್ಟರು. ನನಗೂ ನಗು ಬಂತು.

ಅವರ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಜೀವಮಾನವೆಲ್ಲ ಬರೆದವರು ಅವರು, ಆದರೆ ಬರೆದ ಯಾವುದರ ಮೇಲೂ ಅವರ ಹೆಸರಿರಲಿಲ್ಲ. ಈಗ ನಾನು ಹಾಕಿದರೆ ಅವರಿಗೆ ಮುಜುಗರವಾದೀತು.

ನಾನು ಹಾಸನದಿಂದ ವಡೋದರಾಕ್ಕೆ ಹೋಗಿ ಕೆಲಸಕ್ಕೆ ಸೇರಿದ್ದು ಮಕರಪುರದ ಒಂದು ಕಾರ್ಖಾನೆಯಲ್ಲಿ. ಮೋಟಾರುಗಳಿಗೆ ಸ್ಟಾರ್ಟರು, ಸ್ವಿಚ್‌ಬೋರ್ಡು ಮಾಡುವ ಕಾರ್ಖಾನೆ. ಒಂದೊಂದು ಪೆಟ್ಟಿಗೆಯ ಜೊತೆಗೂ ಅದನ್ನು ಹೇಗೆ ಬಿಚ್ಚಬೇಕು, ಹೇಗೆ ಜೋಡಿಸಬೇಕು ಎನ್ನುವ ಒಂದು ಕೈಪಿಡಿ ಹೋಗುತ್ತದಲ್ಲ, ಅದನ್ನು ಬರೆಯುವ ವಿಭಾಗಕ್ಕೆ ನನ್ನನ್ನು ಹಾಕಿದರು. ವಿಭಾಗ ಎಂದರೆ ಸ್ಟೋರಿನ ಹಿಂದೆ ಎರಡು ಮೇಜು. ಒಂದರಲ್ಲಿ ಅವರು ಇಪ್ಪತ್ತೇಳು ವರ್ಷದಿಂದ ಕೂತಿದ್ದರು. ಇನ್ನೊಂದು ನನ್ನದು.

ಮೊದಲ ದಿನ ನನ್ನ ಹೆಸರು, ಊರು ಯಾವುದನ್ನೂ ಕೇಳದೆ ಒಂದು ಸ್ಟಾರ್ಟರ್ ಪೆಟ್ಟಿಗೆ ಮುಂದಿಟ್ಟರು. ಕೈಯಲ್ಲಿ ನಾಲ್ಕು ಹಾಳೆ ಕೊಟ್ಟರು.

“ಇದರಲ್ಲಿ ಬರೆದದ್ದನ್ನು ಮಾತ್ರ ಮಾಡು. ಸ್ವಂತ ಬುದ್ಧಿ ಬೇಡ.”

ಮೂರನೆಯ ಹಂತದಲ್ಲಿ ‘ಮುಚ್ಚಳ ತೆಗೆಯಿರಿ’ ಎಂದಿತ್ತು. ತೆಗೆದೆ. ನಾಲ್ಕನೆಯದರಲ್ಲಿ ಎರಡು ತಿರುಪುಗಳನ್ನು ಒಟ್ಟಿಗೆ ಸಡಿಲಿಸಬೇಕು, ಅದಕ್ಕೆ ಎರಡೂ ಕೈ ಬೇಕು. ನನ್ನ ಒಂದು ಕೈಯಲ್ಲಿ ಮುಚ್ಚಳ. ಸ್ವಂತ ಬುದ್ಧಿ ಬೇಡ ಎಂದಿದ್ದಾರಲ್ಲ ಎಂದು ಹಾಗೇ ನಿಂತೆ. ಅವರ ಮುಖ ಅರಳಿತು. ಜೇಬಿನಿಂದ ಪೆನ್ಸಿಲ್ ತೆಗೆದು ಮೂರನೆಯ ಹಂತದ ಮುಂದೆ ಬರೆದರು: ‘ತೆಗೆದ ಮುಚ್ಚಳವನ್ನು ಪಕ್ಕಕ್ಕೆ ಇಡಿ.’

“ಇಪ್ಪತ್ತೇಳು ವರ್ಷದಿಂದ ಈ ವಾಕ್ಯ ಬಿಟ್ಟುಹೋಗಿತ್ತು. ಎಲ್ಲರೂ ಮುಚ್ಚಳ ಇಡ್ತಿದ್ರು, ಯಾರೂ ನನಗೆ ಹೇಳ್ಳಿಲ್ಲ. ನೀನು ಒಳ್ಳೆ ಹೊಸಬ,” ಎಂದರು. ಸಂಜೆ ಕ್ಯಾಂಟೀನಿನಲ್ಲಿ ಎಲ್ಲರಿಗೂ ನನ್ನನ್ನು ಹಾಗೆಯೇ ಪರಿಚಯಿಸಿದರು. ನನಗೆ ಗುಟ್ಟಿನಲ್ಲಿ ಹೇಳಿದರು: “ಬೇಗ ಕಲೀಬೇಡ ಮಾರಾಯ. ನೀನು ಕಲಿತ ದಿನ ನನಗೆ ಉಪಯೋಗಕ್ಕಿಲ್ಲ.”

ಓದುವವನನ್ನು ಅವರು ಎಂದೂ ದಡ್ಡ ಎಂದುಕೊಂಡವರಲ್ಲ. ಅವನು ಹೊಸಬ, ಅಷ್ಟೆ. ಅವನ ಮೇಲೆ ಅವರಿಗೆ ಒಂದು ಬಗೆಯ ಅಕ್ಕರೆ. ಆದರೆ ಆ ಹೊಸಬನನ್ನು ಅವರು ಕಣ್ಣಿಂದ ನೋಡಿದ್ದೇ ಇಲ್ಲ. ಪೆಟ್ಟಿಗೆಗಳು ಕಾರ್ಖಾನೆಯಿಂದ ಹೊರಟು ಎಲ್ಲೆಲ್ಲಿಗೋ ಹೋಗುತ್ತಿದ್ದವು. ಕೈಪಿಡಿಯನ್ನು ಯಾರಾದರೂ ಓದುತ್ತಿದ್ದರೋ, ಅದರಲ್ಲಿ ಪಕೋಡ ಕಟ್ಟುತ್ತಿದ್ದರೋ ದೇವರಿಗೇ ಗೊತ್ತು. ಒಮ್ಮೆ ಸೂರತ್ತಿಗೆ ಮದುವೆಗೆ ಹೋದವರು ಒಂದು ನೇಯ್ಗೆ ಗಿರಣಿಯಲ್ಲಿ ನಮ್ಮ ಸ್ಟಾರ್ಟರ್ ಇದೆಯೆಂದು ಕೇಳಿ ಮದುವೆಯೂಟ ಬಿಟ್ಟು ಓಡಿದರು. ಕೈಪಿಡಿ ಅಲ್ಲಿತ್ತು. ಕುಂಟುತ್ತಿದ್ದ ಸ್ಟೂಲಿನ ಕಾಲಿನ ಕೆಳಗೆ ಮಡಚಿಟ್ಟಿದ್ದರು. ವಾಪಸು ಬಂದು ನನಗೆ ಹೇಳಿದ್ದು, “ಆ ಸ್ಟೂಲು ಈಗ ಒಂದು ಚೂರೂ ಅಲ್ಲಾಡುದಿಲ್ಲ.”

ಅವರ ಊರು ಉಡುಪಿಯ ಹತ್ತಿರ. ಗುಜರಾತಿನಲ್ಲಿ ಉಡುಪಿಯವನು ಎಂದು ಹೇಳಿದರೆ ಎರಡನೆಯ ಪ್ರಶ್ನೆ ಒಂದೇ: ನಿಮ್ಮ ಹೋಟೆಲು ಎಲ್ಲಿದೆ? ಇಲ್ಲ ಎಂದರೆ ಯಾರೂ ನಂಬುತ್ತಿರಲಿಲ್ಲ. ಕಾರ್ಖಾನೆಯ ಮ್ಯಾನೇಜರ್ ಕೂಡ ವರ್ಷಕ್ಕೊಮ್ಮೆ, “ಹೋಟೆಲಿನ ಕೆಲಸದ ಮಧ್ಯೆ ಇದನ್ನೂ ಚೆನ್ನಾಗಿ ನಿಭಾಯಿಸುತ್ತೀರಿ,” ಎಂದು ಹೊಗಳುತ್ತಿದ್ದರು. ಇವರ ತಂದೆ ಅಹಮದಾಬಾದಿನ ಒಂದು ಹೋಟೆಲಿನಲ್ಲಿ ಅಡುಗೆಯವರಾಗಿದ್ದದ್ದು ನಿಜ. ಆ ಒಲೆಯ ಮುಂದೆ ತಂದೆ ಬೇಯುವುದನ್ನು ನೋಡಿಯೇ ಇವರು ಹಟ ಹಿಡಿದು ಡಿಪ್ಲೊಮಾ ಓದಿದ್ದು. ಮನೆಯಲ್ಲಿ ಕಾಫಿಗೆ ನೀರಿಡುವುದಕ್ಕೂ ಅಡುಗೆಮನೆಗೆ ಹೋಗುತ್ತಿರಲಿಲ್ಲ.

ಇಸವಿ ಎರಡು ಸಾವಿರ ದಾಟಿ ಒಂದೆರಡು ವರ್ಷಕ್ಕೆ ಕಾರ್ಖಾನೆ ನಮ್ಮ ವಿಭಾಗವನ್ನು ಮುಚ್ಚಿತು. ಅವರು ಸ್ವಯಂನಿವೃತ್ತಿ ತೆಗೆದುಕೊಂಡು ವಡೋದರಾದ ಮಂಜಲ್‌ಪುರದ ತಮ್ಮ ಮನೆಯಲ್ಲಿ ಕೂತರು. ನಾನು ಅದೇ ಊರಿನಲ್ಲಿ ಬೇರೆ ಕಡೆ ಸೇರಿಕೊಂಡೆ. ಕೂತವರು ಸುಮ್ಮನೆ ಕೂರಲಿಲ್ಲ. ಮಿಕ್ಸಿಯ ಕೈಪಿಡಿ, ಹೊಲಿಗೆ ಮೆಷಿನ್ನಿನ ಕೈಪಿಡಿ ಎಲ್ಲವನ್ನೂ ತಿದ್ದಿ ಕಂಪನಿಗಳಿಗೆ ಅಂಚೆಯಲ್ಲಿ ಕಳಿಸತೊಡಗಿದರು. ಯಾವ ಕಂಪನಿಯೂ ಉತ್ತರ ಬರೆಯಲಿಲ್ಲ.

ಕೈಪಿಡಿ ತಿದ್ದುವ ಈ ಮನುಷ್ಯನ ಬಗ್ಗೆ ಯಾರಿಂದಲೋ ಕೇಳಿ, ಒಂದು ದಿನ ಅಹಮದಾಬಾದಿನಿಂದ ಒಬ್ಬ ಪ್ರಕಾಶಕರು ಅವರನ್ನು ಹುಡುಕಿಕೊಂಡು ಬಂದರು. ಶಾಲೆಯ ಗೈಡುಗಳನ್ನು ಅಚ್ಚು ಹಾಕಿ ಬೆಳೆದವರು. ಬಾಯಿತುಂಬ ಪಾನು, ಬಗಲಲ್ಲಿ ಚೀಲ. ನಾನು ಅಲ್ಲೇ ಇದ್ದೆ.

“ಸಾಹೇಬ್, ವೆಬ್‌ಸೈಟ್ ಮಾಡೋದನ್ನು ಕಲಿಸುವ ಪುಸ್ತಕ ಬೇಕು. ಏನೂ ಗೊತ್ತಿಲ್ಲದವರಿಗೆ, ಸರಳ ಇಂಗ್ಲಿಷಿನಲ್ಲಿ.”

“ನಂಗೂ ಏನೂ ಗೊತ್ತಿಲ್ಲ.”

“ಅದಕ್ಕೇ ಬಂದೆ. ಗೊತ್ತಿದ್ದವರ ಹತ್ತಿರ ಎರಡು ಸಲ ಬರೆಸಿದೆ. ಯಾರಿಗೂ ಅರ್ಥ ಆಗಲಿಲ್ಲ.”

ಆಗ ಹೊಸದಾಗಿ ಬಂದಿದ್ದ ಒಂದು ಉಚಿತ ಸಾಫ್ಟ್‌ವೇರಿನ ಬಗ್ಗೆ ಪುಸ್ತಕ. ಅದಿದ್ದರೆ ಕೋಡ್ ಬರೆಯಬೇಕಾಗಿಲ್ಲ. ತೆರೆಯ ಮೇಲಿನ ಪೆಟ್ಟಿಗೆಗಳಲ್ಲಿ ಮಾತು ತುಂಬಿ, ಚಿತ್ರ ಸೇರಿಸಿ, ‘ಪಬ್ಲಿಶ್’ ಎಂಬ ಗುಂಡಿ ಒತ್ತಿದರೆ ವೆಬ್‌ಸೈಟು ಸಿದ್ಧ. ಕಂಟೆಂಟ್ ಮ್ಯಾನೇಜ್‌ಮೆಂಟ್ ಸಿಸ್ಟಂ ಎಂದು ಅದರ ದೊಡ್ಡ ಹೆಸರು. ಅವರು ಆ ಹೆಸರನ್ನು ಮೊದಲ ಪುಟದಲ್ಲಿ ಒಂದೇ ಸಲ ಬರೆದು, ‘ಇದನ್ನು ನೆನಪಿಟ್ಟುಕೊಳ್ಳಬೇಕಾಗಿಲ್ಲ’ ಎಂದು ಸೇರಿಸಿದರು.

ಕಲಿಯುವುದಕ್ಕೆಂದು ಅಹಮದಾಬಾದಿನ ಹಳೇ ಪುಸ್ತಕದ ಅಂಗಡಿಗಳಿಂದ ಇಂಥ ನಾಲ್ಕು ಪುಸ್ತಕ ತಂದರು. ಇಡೀ ತಿಂಗಳು ಅವುಗಳ ಮೇಲೆ ಕೋಪ. ನನಗೆ ಫೋನ್ ಮಾಡಿ ಓದಿ ಹೇಳುತ್ತಿದ್ದರು. “ನೋಡು, ಮೊದಲ ಅಧ್ಯಾಯದಲ್ಲೇ ಹನ್ನೊಂದು ಸಲ ‘ಸುಲಭವಾಗಿ’ ಅಂತ ಬರ್ದಿದ್ದಾನೆ. ಸುಲಭ ಆಗಿದ್ರೆ ನಾನು ಈ ಪುಸ್ತಕ ಎಂತಕ್ಕೆ ತಗೊಳ್ತಿದ್ದೆ?” ಇನ್ನೊಂದು ದಿನ: “‘ನಿಮಗೆ ಈಗಾಗಲೇ ತಿಳಿದಿರುವಂತೆ’ ಅಂತೆ! ತಿಳಿದಿದ್ದು ಯಾವಾಗ? ನಿನ್ನೆ ರಾತ್ರಿ ಕನಸಲ್ಲಾ?”

ಅವರಿಗೊಬ್ಬಳು ಮಗಳು. ವಡೋದರಾದಲ್ಲೇ ಹುಟ್ಟಿ ಬೆಳೆದು ಆಗ ಕಾಲೇಜಿನಲ್ಲಿದ್ದಳು. ಮನೆಯ ಕಂಪ್ಯೂಟರು ಅವಳದು. ಅಪ್ಪ ಅದರ ಮುಂದೆ ಕೂತಾಗಲೆಲ್ಲ, “ಪಪ್ಪಾ, ಜಲ್ದಿ ಕರೋ, ನನ್ನ ಪ್ರಾಜೆಕ್ಟ್ ಬಾಕಿ ಉಂಟು,” ಎಂದು ಮೂರು ಭಾಷೆಗಳಲ್ಲಿ ಒಂದು ವಾಕ್ಯ ಹೇಳುವಳು. ಅವರು ಬರೆದ ಒಂದೊಂದು ಅಧ್ಯಾಯವನ್ನೂ ನಾನು ಭಾನುವಾರ ಹೋಗಿ ಓದಿ, ಬರೆದದ್ದನ್ನಷ್ಟೇ ಮಾಡಿ, ಎಲ್ಲಿ ಸಿಕ್ಕಿಬೀಳುತ್ತೇನೋ ತೋರಿಸಬೇಕು. ನಾನು ತೊಡರದೆ ಮುಂದೆ ಹೋದರೆ ಅವರಿಗೆ ಅನುಮಾನ. “ನೀನು ಮನೆಯಲ್ಲಿ ಕಲ್ತುಕೊಂಡು ಬಂದಿದ್ದಿಯಾ?”

ಕಲಿಸುವ ಪುಸ್ತಕಕ್ಕೆ ಒಂದು ಉದಾಹರಣೆ ಬೇಕು. ಓದುವವನು ಮೊದಲ ಅಧ್ಯಾಯದಿಂದ ಕೊನೆಯವರೆಗೆ ಒಂದೇ ವೆಬ್‌ಸೈಟನ್ನು ಹಂತಹಂತವಾಗಿ ಕಟ್ಟುತ್ತ ಹೋಗಬೇಕು. ಪ್ರಕಾಶಕರು ಸೂರತ್ತಿನ ವಜ್ರದ ವ್ಯಾಪಾರಿಯದು ಮಾಡಿ ಎಂದರು. ವಜ್ರವನ್ನು ತಾನು ನೋಡಿಲ್ಲ, ನೋಡದ್ದನ್ನು ಬರೆಯುವುದಿಲ್ಲ ಎಂದರು ಇವರು. ಸೀರೆ ಅಂಗಡಿ? ಬಣ್ಣಗಳ ಹೆಸರು ಬಾರದು. ಒಂದು ವಾರ ತಲೆ ಕೆರೆದುಕೊಂಡರು. ‘ಮೆನು’ ಎಂಬುದನ್ನು ವಿವರಿಸುವ ಜಾಗಕ್ಕೆ ಬಂದಾಗ ಪೆನ್ಸಿಲ್ ನಿಂತಿತು.

“ಮೆನು ಅಂದ್ರೆ ಎಂತ ಅಂತ ಹೇಗೆ ಹೇಳುದು?” ಎಂದು ತಮಗೆ ತಾವೇ ಕೇಳಿಕೊಂಡರು.

ಒಳಗಿನಿಂದ ಅವರ ಹೆಂಡತಿ ಹೇಳಿದರು, “ಹೋಟೆಲಲ್ಲಿ ಕೊಡ್ತಾರಲ್ಲ, ಅದು.”

ಜೀವಮಾನವೆಲ್ಲ ತನಗೆ ಹೋಟೆಲಿಲ್ಲ ಎಂದು ಸಾಧಿಸಿದ ಮನುಷ್ಯ ಹೀಗೆ ಒಂದು ಹೋಟೆಲು ತೆರೆದರು. ಕೃಷ್ಣನ ಹೆಸರಿಟ್ಟರು, ಬೇರೆ ಹೆಸರಿಟ್ಟರೆ ಯಾರು ನಂಬುತ್ತಾರೆ ಎಂದು. ನೀರುದೋಸೆ, ಬನ್ಸ್, ಗೋಳಿಬಜೆ, ಶ್ರಾವಣದಲ್ಲಿ ಮಾತ್ರ ಪತ್ರೊಡೆ. ಪಟ್ಟಿ ಬರೆಯುವಾಗ ಒಮ್ಮೆಯೂ ತಡವರಿಸಲಿಲ್ಲ. ವಿಳಾಸದ ಪುಟ ಬಂದಾಗ ಮಾತ್ರ ಬಹಳ ಯೋಚಿಸಿದರು. ಸುಳ್ಳು ವಿಳಾಸ ಕೊಟ್ಟರೆ ಅದು ಯಾರದೋ ನಿಜವಾದ ಮನೆಯಾಗಿ ಅವರಿಗೆ ತೊಂದರೆಯಾದೀತು. ಸುಳ್ಳು ಫೋನ್ ನಂಬರೂ ಹಾಗೆಯೇ. ಯಾರಿಗೂ ತೊಂದರೆ ಬೇಡವೆಂದು ತಮ್ಮದೇ ಮನೆಯ ವಿಳಾಸ, ತಮ್ಮದೇ ನಂಬರು ಹಾಕಿದರು.

ಪುಸ್ತಕ ಬಂತು, ಜೊತೆಗೊಂದು ಸಿ.ಡಿ. ಮುಖಪುಟದ ಮೇಲೆ ‘ಅನುಭವಿ ಲೇಖಕರ ಮಂಡಳಿ’ ಎಂದಿತ್ತು. ಅವರ ಹೆಂಡತಿಗೆ ಸಿಟ್ಟು ಬಂತು. “ಮಂಡಳಿಯವರು ಯಾರ್ಯಾರಪ್ಪಾ? ಒಬ್ರಾದ್ರೂ ನಮ್ಮನೆಗೆ ಚಾ ಕುಡೀಲಿಕ್ಕೆ ಬರ್ಲಿಲ್ಲ!” ಅವರು ಮಾತ್ರ ಕೊನೆಯ ಪುಟ ತೆರೆದು ಮತ್ತೆ ಮತ್ತೆ ಓದುತ್ತಿದ್ದರು. ಅಲ್ಲಿತ್ತು: ‘ಅಭಿನಂದನೆಗಳು. ನಿಮ್ಮ ಹೋಟೆಲು ಈಗ ಇಡೀ ಜಗತ್ತಿಗೆ ಕಾಣುತ್ತದೆ.’

ಎರಡು ತಿಂಗಳಾದ ಮೇಲೆ ಫೋನುಗಳು ಶುರುವಾದವು. ಗೋಳಿಬಜೆ ಎಷ್ಟು ಹೊತ್ತಿಗೆ ಸಿಗುತ್ತದೆ? ಹತ್ತು ಜನಕ್ಕೆ ಜಾಗ ಇದೆಯೆ? ಹಗಲು ಫೋನ್ ಎತ್ತುತ್ತಿದ್ದವಳು ಮಗಳು. ಪುಸ್ತಕ, ಉದಾಹರಣೆ ಎಂದೆಲ್ಲ ವಿವರಿಸುವ ತಾಳ್ಮೆ ಅವಳಿಗಿರಲಿಲ್ಲ. “ಆಜೆ ಬಂಧ್ ಛೆ,” ಇವತ್ತು ಮುಚ್ಚಿದೆ, ಎಂದು ಹೇಳಿ ಇಟ್ಟುಬಿಡುತ್ತಿದ್ದಳು. ಅಪ್ಪ ಬೈದಾಗ, “ಮತ್ತೆ ಎಂತ ಬೋಲುದು ಪಪ್ಪಾ? ಹೋಟೆಲ್ ಇಲ್ಲ ಅಂದ್ರೆ ಜಗಳ ಮಾಡ್ತಾರೆ. ಬಂಧ್ ಅಂದ್ರೆ ಥ್ಯಾಂಕ್ಯೂ ಹೇಳ್ತಾರೆ,” ಎಂದಳು. ಇದ್ದ ಹೋಟೆಲಿಗೆ ತಾನೆ ಒಂದು ದಿನ ರಜೆ ಇರುವುದು! ಕೇಳಿದವರು ಮರುದಿನ ಮತ್ತೆ ಫೋನ್ ಮಾಡುತ್ತಿದ್ದರು.

ಒಂದು ಭಾನುವಾರ ನಾನು ಅಲ್ಲಿದ್ದೆ. ಶ್ರಾವಣದ ಜಿಟಿಜಿಟಿ. ಗೇಟಿನ ಮುಂದೆ ಒಂದು ವ್ಯಾನು ನಿಂತಿತು. ಸೂರತ್ತಿನಿಂದ ಬಂದ ಒಂದು ಸಂಸಾರ: ಒಬ್ಬ ಅಜ್ಜ, ಅಜ್ಜಿ, ಮಗ, ಸೊಸೆ, ಎರಡು ಮಕ್ಕಳು. ಇವರು ಜಗಲಿಯಲ್ಲಿ ಲುಂಗಿ ಉಟ್ಟು ಪೇಪರ್ ಓದುತ್ತ ಕೂತಿದ್ದರು.

“ಇದು ಹೋಟೆಲ್ ಅಲ್ಲ,” ಎಂದರು ಹಿಂದಿಯಲ್ಲಿ.

ಮಗ ಜೇಬಿನಿಂದ ಒಂದು ಪ್ರಿಂಟ್ ತೆಗೆದು ವಿಳಾಸಕ್ಕೂ ಗೇಟಿನ ನಂಬರಿಗೂ ತಾಳೆ ನೋಡಿದ. ಎರಡೂ ಒಂದೇ. ಇವರು ಆ ಕಾಗದ ಕೈಗೆ ತೆಗೆದುಕೊಂಡರು. ಮುಖದಲ್ಲಿ ಒಂದು ಬೆಳಕು ಬಂತು. ಯಾರೋ ಒಬ್ಬ ಓದುಗ ಇಡೀ ಪುಸ್ತಕವನ್ನು ಮುಗಿಸಿ ಮಾಡಿದ ವೆಬ್‌ಸೈಟು ಅದು. ಮೆನು ಎಡಗಡೆ, ಫೋಟೊ ಬಲಗಡೆ, ವಿಳಾಸ ಕೆಳಗೆ.

“ಇದು ಉದಾಹರಣೆ ಅಷ್ಟೇ,” ಎಂದು ನಿಧಾನವಾಗಿ ವಿವರಿಸಿದರು. “ಪುಸ್ತಕದಲ್ಲಿ ಕಲಿಸಲಿಕ್ಕೆ ಬರೆದ ಉದಾಹರಣೆ.”

ಅಜ್ಜ ಅಷ್ಟು ದೂರ ಮೊಣಕಾಲು ಮಡಚಿ ಕೂತು ಬಂದವರು. ಎಲ್ಲವನ್ನೂ ಕೇಳಿಸಿಕೊಂಡು, ಚಪ್ಪಲಿ ಬಿಟ್ಟು, ಜಗಲಿಯ ಕುರ್ಚಿಯಲ್ಲಿ ಕೂತರು. “ತೋ ಛ ಜಣ್‌ನುಂ ಉದಾಹರಣ್ ಆಪೋ,” ಎಂದರು. ಹಾಗಾದರೆ ಆರು ಜನಕ್ಕೆ ಉದಾಹರಣೆ ಕೊಡಿ.

ಬಾಗಿಲಿಗೆ ಬಂದು ನಿಂತಿದ್ದ ಇವರ ಹೆಂಡತಿ ಆ ಮಕ್ಕಳ ಮುಖ ನೋಡಿದರು, ಗಂಡನ ಮುಖ ನೋಡಿದರು.

“ಅಕ್ಕಿ ನೆನೆಹಾಕಿದ್ದು ಉಂಟು. ನೀವು ಬರೆಯುದು, ನಾನು ಕಡೆಯುದು!” ಎಂದು ಒಳಗೆ ಹೋದರು.

ನೀರುದೋಸೆ ಆಯಿತು. ಅವತ್ತು ಮನೆಯವರಿಗೆಂದು ಪತ್ರೊಡೆಯೂ ಬೆಂದಿತ್ತು. ಅದನ್ನು ನೋಡಿ ಸೂರತ್ತಿನ ಅಜ್ಜಿಗೆ ಸಂಭ್ರಮ. ಇದು ನಮ್ಮ ಪಾತ್ರಾ, ನೀವು ನಮ್ಮಿಂದ ಕಲಿತದ್ದು ಎಂದರು. ಅದೇ ಕೆಸುವಿನ ಎಲೆ, ಅದೇ ಸುರುಳಿ. ಅಲ್ಲ, ನೀವೇ ನಮ್ಮಿಂದ ಕಲಿತದ್ದು ಎಂದು ಇವರ ಹೆಂಡತಿ. ಇಬ್ಬರು ಹೆಂಗಸರೂ ಅಡುಗೆಮನೆಯಲ್ಲಿ ನಿಂತು, ಒಬ್ಬರು ಗುಜರಾತಿಯಲ್ಲಿ, ಇನ್ನೊಬ್ಬರು ಕನ್ನಡ ಬೆರೆಸಿದ ಗುಜರಾತಿಯಲ್ಲಿ, ಮುಕ್ಕಾಲು ಗಂಟೆ ವಾದ ಮಾಡಿದರು. ಹೊರಡುವಾಗ ಮಗ ದುಡ್ಡು ತೆಗೆದ. ಇವರು ಗಾಬರಿಯಿಂದ ಎರಡು ಹೆಜ್ಜೆ ಹಿಂದೆ ಸರಿದರು. “ಬೇಡ ಬೇಡ. ತಗೊಂಡ್ರೆ ಇದು ಹೋಟೆಲ್ ಆಗಿಹೋಗ್ತದೆ.”

ಆಮೇಲೆ ನಾವಿಬ್ಬರೂ ಮಗಳ ಕಂಪ್ಯೂಟರಿನಲ್ಲಿ ಹುಡುಕಿದೆವು. ಆ ಹೋಟೆಲಿನ ಹೆಸರಿನಲ್ಲಿ ನಲವತ್ತಕ್ಕೂ ಹೆಚ್ಚು ವೆಬ್‌ಸೈಟುಗಳಿದ್ದವು. ಬಿಟ್ಟಿ ಜಾಗ ಸಿಕ್ಕ ಕಡೆಯಲ್ಲೆಲ್ಲ ಓದುಗರು ಕಟ್ಟಿ ನಿಲ್ಲಿಸಿದ್ದರು. ಅವರು ಒಂದೊಂದನ್ನೂ ತೆರೆದು, ಪರೀಕ್ಷೆಯ ಪೇಪರ್ ನೋಡುವ ಮೇಷ್ಟ್ರ ಹಾಗೆ, “ಇವನು ಐದನೇ ಅಧ್ಯಾಯದಲ್ಲಿ ಬಿಟ್ಟಿದ್ದಾನೆ. ಇವಳಿಗೆ ಫೋಟೊ ಬರ್ಲಿಲ್ಲ, ಅದು ನನ್ನ ತಪ್ಪು. ಆಹಾ, ಇವನು ನೋಡು, ಪೂರ್ತಿ!” ಎನ್ನುತ್ತಿದ್ದರು.

“ಕಲಿತ ಮೇಲೆ ಇಷ್ಟು ಜನರಲ್ಲಿ ಯಾರೂ ಇದನ್ನು ಯಾಕೆ ತೆಗೀಲಿಲ್ಲ?” ಎಂದು ನಾನು ಕೇಳಿದೆ.

ಅವರು ಎದ್ದು ಪುಸ್ತಕ ತಂದರು. ಹಾಳೆ ಮಗುಚಿದರು. ಮತ್ತೆ ಮೊದಲಿನಿಂದ ಮಗುಚಿದರು.

“ತೆಗೀರಿ ಅಂತ ನಾನು ಬರೀಲೇ ಇಲ್ಲ ಮಾರಾಯ.”

ಸ್ವಿಚ್ ಹಾಕುವುದನ್ನು ಬರೆದರೆ ಆರಿಸುವುದನ್ನು ಬರೆಯದೆ ಊಟ ಮಾಡದಿದ್ದ ಮನುಷ್ಯ. ಹೋಟೆಲನ್ನು ಕಟ್ಟುವುದಕ್ಕೆ ಹದಿನಾಲ್ಕು ಅಧ್ಯಾಯ ಬರೆದು, ಕಲಿತಾದ ಮೇಲೆ ಅದನ್ನು ಅಳಿಸಿ ನಿಮ್ಮದನ್ನು ಹಾಕಿಕೊಳ್ಳಿ ಎಂಬ ಒಂದು ಸಾಲು ಬರೆದಿರಲಿಲ್ಲ. ಓದುಗರು ಹೇಳಿದಷ್ಟನ್ನೇ ಮಾಡಿದ್ದರು. ಅವರು ಬಯಸಿದಂಥ ಹೊಸಬರೇ ಅವರಿಗೆ ಸಿಕ್ಕಿದ್ದರು.

ಅವತ್ತಿನಿಂದ ಅವರಿಗೆ ಒಂದು ಹಟ ಹಿಡಿಯಿತು. ತನ್ನ ಪುಸ್ತಕ ನಂಬಿ ಬಂದವರನ್ನು ಹಸಿದುಕೊಂಡು ವಾಪಸು ಕಳಿಸುವ ಹಾಗಿಲ್ಲ. ಭಾನುವಾರ ಬಂದವರಿಗೆ ತಿಂಡಿ. ಹೆಂಡತಿ ಒಂದು ಷರತ್ತು ಹಾಕಿದರು: ದೋಸೆ ಹೊಯ್ಯುವುದು ನೀವು. ಹೀಗೆ ಒಲೆಯಿಂದ ಓಡಿ ಬಂದವರು ಅರವತ್ತರ ಹತ್ತಿರ ಒಲೆಯ ಮುಂದೆ ನಿಂತರು. ಮೊದಲ ದಿನವೇ ‘ನೀರುದೋಸೆ: ಹಂತ ಒಂದು’ ಎಂದು ಬರೆದು ಗೋಡೆಗೆ ಅಂಟಿಸಿದರು. ಹೆಂಡತಿ ಅದನ್ನು ಕಿತ್ತು ಕಾವಲಿ ಒರೆಸಿದರು. “ಕಾವಲಿ ಚುಂಯ್ ಅನ್ನುದು ಕೇಳಿ, ಓದ್ಬೇಡಿ!”

ಬಂದವರು ತಿನ್ನುವಾಗ ಇವರು ಸೌಟು ಹಿಡಿದುಕೊಂಡೇ ಬಂದು ವಿಚಾರಿಸುತ್ತಿದ್ದರು. ಚಟ್ನಿ ಹೇಗಿದೆ ಎಂದಲ್ಲ. “ನೀವು ನೋಡಿದ ವೆಬ್‌ಸೈಟಿನಲ್ಲಿ ಮೆನು ಎಡಗಡೆ ಇತ್ತಾ, ಮೇಲೆ ಇತ್ತಾ? ಅದನ್ನು ಮಾಡಿದವರು ಯಾರು ಗೊತ್ತಾ?” ಯಾರಿಗೂ ಗೊತ್ತಿರುತ್ತಿರಲಿಲ್ಲ. ತಿನ್ನುವವರು ಬರುತ್ತಿದ್ದರು, ಓದಿದವರು ಒಬ್ಬರೂ ಬರುತ್ತಿರಲಿಲ್ಲ. ಒಂದು ಸಂಜೆ ಪಾತ್ರೆ ತೊಳೆದಿಡುತ್ತ ನನಗೆ ಹೇಳಿದರು, “ಮೂವತ್ತು ವರ್ಷ ಬರ್ದೆ. ಓದುವವನು ಕಾಗದದ ಮೇಲೆ ಬೆರಳಿಟ್ಟುಕೊಂಡು ಹೋಗುದನ್ನು ಒಂದು ಸಲ ನೋಡ್ಬೇಕು ಅಂತ ಆಸೆ. ನೀನು ಲೆಕ್ಕಕ್ಕಿಲ್ಲ. ನಿನಗೆ ಸಂಬಳ ಇತ್ತು.”

ಅಷ್ಟರಲ್ಲಿ ಪ್ರಕಾಶಕರು ಮತ್ತೆ ಬಂದರು. ಪುಸ್ತಕ ಖಾಲಿಯಾಗಿತ್ತು, ಸಾಫ್ಟ್‌ವೇರೂ ಬದಲಾಗಿತ್ತು. ತಿದ್ದಿದ ಎರಡನೆಯ ಮುದ್ರಣ ಬೇಕು. ಈ ಸಲ ಮಂಡಳಿ ಬೇಡ, ಮುಖಪುಟದಲ್ಲಿ ನಿಮ್ಮ ಹೆಸರು, ಒಳಗೆ ನಾಲ್ಕು ಪುಟ ನಿಮ್ಮ ಮುನ್ನುಡಿ, ಫೋಟೊ ಎಂದರು. ಅವರ ಹೆಂಡತಿ ಆ ಮಾತಿಗೆ ಪ್ರಕಾಶಕರ ತಟ್ಟೆಗೆ ಇನ್ನೆರಡು ದೋಸೆ ಹಾಕಿದರು. ಫೋಟೊಕ್ಕೆಂದು ಮರುದಿನವೇ ಗಂಡನಿಗೆ ಇಸ್ತ್ರಿ ಅಂಗಿ ಹಾಕಿಸಿ ಸ್ಟುಡಿಯೋಕ್ಕೆ ಕಳಿಸಿದ್ದೂ ಆಯಿತು.

ಅವರು ಮೊದಲು ಬರೆದದ್ದು ಮುನ್ನುಡಿಯನ್ನಲ್ಲ, ಬಿಟ್ಟುಹೋಗಿದ್ದ ಅಧ್ಯಾಯವನ್ನು. ‘ಉದಾಹರಣೆಯನ್ನು ತೆಗೆಯುವುದು.’ ಏಳು ಹಂತ, ಚಿತ್ರ ಸೇರಿ ನಾಲ್ಕು ಪುಟ. ಪ್ರಕಾಶಕರು ಫೋನಿನಲ್ಲಿ ತಲೆ ಚಚ್ಚಿಕೊಂಡರು. ಪುಸ್ತಕ ಹದಿನಾರು ಪುಟದ ಫಾರಂಗಳಲ್ಲಿ ಅಚ್ಚಾಗುತ್ತದೆ. ನಾಲ್ಕು ಪುಟ ಹೆಚ್ಚಾದರೆ ಇಡೀ ಫಾರಂ ಹೆಚ್ಚು. ಆಗುವುದಿಲ್ಲ. “ಅಳಿಸುವುದನ್ನು ಕಲಿಯಲು ಯಾರು ಪುಸ್ತಕ ಕೊಳ್ಳುತ್ತಾರೆ ಸಾಹೇಬ್? ಬಿಡಿ. ಇಲ್ಲವೇ ಬೇರೆ ಏನಾದರೂ ತೆಗೆಯಿರಿ.”

ಬೇರೆ ಏನಿದೆ ತೆಗೆಯುವುದಕ್ಕೆ? ನಾಲ್ಕು ಪುಟದ್ದು ಇದ್ದದ್ದು ಒಂದೇ. ಅದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು, ಯಾರೂ ಬಾಯಿ ಬಿಡಲಿಲ್ಲ. ಅವರ ಹೆಂಡತಿ ಮಾತ್ರ ನನ್ನನ್ನು ಹಿತ್ತಿಲಿಗೆ ಕರೆದು, “ಅವರಿಗೆ ಬುದ್ಧಿ ಹೇಳು. ಇಷ್ಟು ವರ್ಷ ಹೆಸರಿಲ್ಲದೆ ಬರ್ದದ್ದು ಸಾಕು. ಹೋಟೆಲ್ ತೆಗೆಯುವವರು ಹೇಗಾದ್ರೂ ತೆಗೀತಾರೆ,” ಎಂದರು. ಅವರೂ ಆ ಸಲ ಆಸೆಪಟ್ಟಿದ್ದರು. ಸ್ಟುಡಿಯೋದ ಫೋಟೊವನ್ನು ಎರಡು ಮೂರು ಸಲ ಲಕೋಟೆಯಿಂದ ತೆಗೆದು ನೋಡಿದ್ದನ್ನು ನಾನು ಕಂಡಿದ್ದೆ. ಹತ್ತು ದಿನ ಯಾವ ತೀರ್ಮಾನವೂ ಆಗಲಿಲ್ಲ.

ಮುಂದಿನ ಭಾನುವಾರ ಸುಮಾರು ಐವತ್ತು ವರ್ಷದ ಒಬ್ಬ ಹೆಂಗಸು ಒಬ್ಬರೇ ಬಂದರು. ಸೂರತ್ತಿನವರು, ಮನೆಯಲ್ಲೇ ಹೊಲಿಗೆ ಕ್ಲಾಸು ನಡೆಸುವವರು. ತಿಂಡಿ ಬೇಕೇ ಎಂದು ಕೇಳುವ ಮೊದಲೇ ಚೀಲದಿಂದ ಒಂದು ಪುಸ್ತಕ ತೆಗೆದರು. ಕಂದು ಕಾಗದದ ಹೊದಿಕೆ. ಒಳಗೆ ಅಂಚಿನಲ್ಲೆಲ್ಲ ಪೆನ್ಸಿಲ್ಲಿನಲ್ಲಿ ಗುಜರಾತಿ ಬರಹ.

“ಇದನ್ನು ಬರೆದವರು ಯಾರು?” ಎಂದು ಹಿಂದಿಯಲ್ಲಿ ಕೇಳಿದರು. “ಪುಸ್ತಕದಲ್ಲಿ ಹೆಸರಿಲ್ಲ. ಆದರೆ ಅಷ್ಟು ಸರಿಯಾಗಿ ಗಲ್ಲಿಯ ಗುರುತನ್ನೂ ಸೇರಿಸಿ ವಿಳಾಸ ಕೊಟ್ಟಿದ್ದಾರೆಂದರೆ, ಇಲ್ಲೇ ಇರಬೇಕು ಎಂದುಕೊಂಡೆ.”

ಅವರು ಸೌಟನ್ನು ನನ್ನ ಕೈಗೆ ಕೊಟ್ಟರು. ಲುಂಗಿಯಲ್ಲಿ ಕೈ ಒರೆಸಿಕೊಂಡರು.

ಹೆಂಗಸಿನ ಕಷ್ಟ ಇಷ್ಟೇ. ಪುಸ್ತಕ ನೋಡಿಕೊಂಡು ಒಬ್ಬರೇ ವೆಬ್‌ಸೈಟು ಮಾಡಿದ್ದರು. ಹೊಲಿಗೆ ಕ್ಲಾಸಿನ ಪುಟಗಳನ್ನೂ ಸೇರಿಸಿದ್ದರು. ಆದರೆ ಹೋಟೆಲು ಹೋಗಲೊಲ್ಲದು. ರವಿಕೆಯ ಅಳತೆಯ ಪಕ್ಕದಲ್ಲೇ ಗೋಳಿಬಜೆ. ಕ್ಲಾಸಿಗೆ ಸೇರಲು ಬಂದವರು ಊಟವೂ ಇದೆಯೇ ಎಂದು ಕೇಳುತ್ತಾರೆ. “ಎರಡು ತಿಂಗಳು ಪುಸ್ತಕದಲ್ಲಿ ಹುಡುಕಿದೆ ಭಾಯಿ. ನನಗೇ ಓದಲು ಬರುತ್ತಿಲ್ಲವೇನೋ ಅನ್ನಿಸಿಬಿಟ್ಟಿತು.”

ಆ ಕೊನೆಯ ಮಾತಿಗೆ ಅವರು ಕುಗ್ಗಿಹೋದರು. “ಇಲ್ಲ ಬೆಹನ್, ನಿಮ್ಮದು ತಪ್ಪಿಲ್ಲ. ಅದು ಪುಸ್ತಕದಲ್ಲಿ ಇಲ್ಲ. ನಾನೇ ಬರೆಯಲಿಲ್ಲ,” ಎಂದರು.

ಮಗಳನ್ನು ಕಂಪ್ಯೂಟರಿನಿಂದ ಎಬ್ಬಿಸಿ ಆಕೆಯನ್ನು ಕೂರಿಸಿದರು. ಹೊಸ ಅಧ್ಯಾಯದ ಹಾಳೆಗಳನ್ನು ಮುಂದಿಟ್ಟರು. ತಾವು ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು, ಎರಡು ಕೈಯನ್ನೂ ತೊಡೆಯ ಕೆಳಗೆ ಅದುಮಿ ಕೂತರು, ಎಲ್ಲಿ ತಾವೇ ತೋರಿಸಿಬಿಡುತ್ತೇವೋ ಎಂದು. ಹೆಂಗಸು ಸಾಲಿನ ಕೆಳಗೆ ಬೆರಳಿಟ್ಟು, ತುಟಿ ಅಲ್ಲಾಡಿಸುತ್ತ ಓದಿದರು. ಒಂದನೆಯ ಹಂತ. ಎರಡನೆಯದು. ಮೂರನೆಯದರಲ್ಲಿ ನಿಂತರು. ಹಿಂದಕ್ಕೆ ಹೋಗಿ ಮತ್ತೆ ಓದಿದರು. ಬೆರಳು ಮುಂದೆ ಹೋಯಿತು. ನಾನು ಆಕೆಯ ಬೆರಳನ್ನು ನೋಡಲಿಲ್ಲ, ಇವರ ಮುಖ ನೋಡುತ್ತಿದ್ದೆ. ಅಂಥ ಮುಖವನ್ನು ನಾನು ಆಮೇಲೆ ನನ್ನ ಮಗಳು ಮೊದಲ ಹೆಜ್ಜೆ ಇಟ್ಟಾಗ ನನ್ನ ಹೆಂಡತಿಯಲ್ಲಿ ಕಂಡಿದ್ದೇನೆ.

ಏಳನೆಯ ಹಂತ. ಗುಂಡಿ ಒತ್ತಿದರು. ಆ ದಿನಗಳ ಇಂಟರ್‌ನೆಟ್ಟು, ತೆರೆ ಬಹಳ ಹೊತ್ತು ಬಿಳಿಯಾಗಿಯೇ ಇತ್ತು. ಆಮೇಲೆ ಹೊಲಿಗೆ ಕ್ಲಾಸು ಬಂತು. ರವಿಕೆ, ಲಂಗ, ಕಸೂತಿ. ದೋಸೆಯಿಲ್ಲ, ಬಜೆಯಿಲ್ಲ.

“ಗಯಾ!” ಎಂದು ಹೆಂಗಸು ಕೈ ತಟ್ಟಿದರು.

ಅಡುಗೆಮನೆಯಿಂದ ಅವರ ಹೆಂಡತಿ ಕೇಳಿದರು, “ಹೋಟೆಲ್ ಹೋಯ್ತಾ? ಹಾಗಾದ್ರೆ ಇನ್ನು ಮನೆಯವರ ಹಾಗೆ ಕೂತು ಊಟ ಮಾಡ್ಲಿಕ್ಕೆ ಹೇಳಿ.”

ಊಟವಾದ ಮೇಲೆ ಆಕೆ ಪುಸ್ತಕ ಮುಂದೆ ಹಿಡಿದು ಸಹಿ ಹಾಕಿಕೊಡಿ ಎಂದರು. ಅವರು ಪೆನ್ನು ತೆಗೆದರು. ಕೊನೆಯ ಖಾಲಿ ಹಾಳೆಯಲ್ಲಿ ದುಂಡಗಿನ ಅಕ್ಷರದಲ್ಲಿ ಏಳು ಹಂತಗಳನ್ನೂ ಪೂರ್ತಿ ಬರೆದರು. ಸಹಿ ಹಾಕುವುದು ಮರೆತೇಹೋಯಿತು. ಆಕೆಯೂ ಅದನ್ನು ಗಮನಿಸಲಿಲ್ಲ. ಏಳನ್ನೂ ಓದಿ ನೋಡಿ, ಸರಿಯಿದೆ ಎಂದು ತಲೆಯಾಡಿಸಿ ಬಸ್ಸಿಗೆ ಹೊರಟರು.

ಆಕೆ ಗೇಟು ದಾಟುವುದನ್ನೇ ಕಾಯುತ್ತಿದ್ದವರ ಹಾಗೆ ಅವರು ಅಹಮದಾಬಾದಿಗೆ ಫೋನ್ ಮಾಡಿದರು. ಮುನ್ನುಡಿ ತೆಗೆಯಿರಿ. ಆ ನಾಲ್ಕು ಪುಟಕ್ಕೆ ಹೊಸ ಅಧ್ಯಾಯ ಹಾಕಿ. ಮುನ್ನುಡಿಯಿಲ್ಲದ ಮೇಲೆ ಫೋಟೊ, ಹೆಸರೂ ಬೇಡ. ಮುಖಪುಟದಲ್ಲಿ ಮಂಡಳಿಯೇ ಇರಲಿ. ಈ ಕಡೆಯಿಂದ ನಾನೂ, ಬಾಗಿಲಿನಿಂದ ಅವರ ಹೆಂಡತಿಯೂ ಕೇಳುತ್ತಿದ್ದೆವು. ಆಕೆ ಈಗ ರೇಗುತ್ತಾರೆ ಎಂದುಕೊಂಡೆ. “ಹೆಸರು ಹೋದ್ರೆ ಹೋಗ್ಲಿ. ಆ ಫೋನ್ ನಂಬರನ್ನಾದ್ರೂ ಬದಲಾಯಿಸಿ,” ಎಂದರಷ್ಟೆ.

“ಅದು ಹೇಗಾಗ್ತದೆ?” ಎಂದರು ಅವರು, ನಿಜವಾದ ಆಶ್ಚರ್ಯದಿಂದ. “ಮಧ್ಯದಲ್ಲಿ ಸಿಕ್ಕಿಬಿದ್ರೆ ಅವರು ಯಾರನ್ನು ಕೇಳ್ಬೇಕು?”

ಎರಡನೆಯ ಮುದ್ರಣ ದೀಪಾವಳಿಯ ಹೊತ್ತಿಗೆ ಬಂತು. ಪ್ರಕಾಶಕರಿಗೆ ಕಳಿಸುವಾಗ ಕೊನೆಯ ಗಳಿಗೆಯಲ್ಲಿ ಅವರು ಒಂದು ಹಂತ ಸೇರಿಸಿದ್ದರು. ಹೊಸ ಅಧ್ಯಾಯದ ಕಡೆಯಲ್ಲಿ, ಏಳರ ಕೆಳಗೆ, ಅಚ್ಚಿನಲ್ಲಿ ಹೀಗಿತ್ತು: ‘ಎಂಟು. ಇಷ್ಟಾದರೂ ಹೋಟೆಲು ಹೋಗದಿದ್ದರೆ ಈ ನಂಬರಿಗೆ ಫೋನ್ ಮಾಡಿ. ತಪ್ಪು ನಿಮ್ಮದಲ್ಲ.’